ಮೆಟ್ಟಿಲಿಗೆಂದು ತಂದ ಮರಳು

ತಾಂಡೂರಿನಲ್ಲಿ ನಾನು ಮನೆ ಕೊಂಡಾಗ ಕಾಲೇಜಿನ ಸಹೋದ್ಯೋಗಿಗಳು ನಕ್ಕಿದ್ದರು. ಎಲ್ಲರೂ ನೆಲಕ್ಕೆ ಟೈಲ್ಸ್ ಹಾಕಿಸತೊಡಗಿದ ಮೇಲೆ ನೆಲಕ್ಕೆ ಹಾಸುವ ಇಲ್ಲಿನ ಬಂಡೆಯನ್ನು ಕೇಳುವವರಿರಲಿಲ್ಲ. ಎಷ್ಟೋ ಪಾಲಿಶ್ ಕಾರ್ಖಾನೆಗಳಿಗೆ ಬೀಗ ಬಿದ್ದಿತ್ತು. ಅದಕ್ಕೇ ಆ ಮನೆ ನನ್ನ ಕೈಗೆ ಎಟುಕಿತು. ಮುಂದೆ ನಾವಿರುವ ಭಾಗ, ಹಿಂದೆ ಬಾಡಿಗೆಗೆಂದು ಎರಡು ಕೋಣೆ. ಕಂಗ್ಟಿ ಕಡೆಯ ನಮ್ಮೂರಲ್ಲಿ ಕುರಿಗಳನ್ನು ಚಿಕ್ಕಪ್ಪನಿಗೆ ಒಪ್ಪಿಸಿ ಅವ್ವ ನನ್ನ ಜೊತೆ ಬಂದಳು. ಹಿಂದಿನ ಕೋಣೆಗಳು ಬಹಳ ದಿನ ಖಾಲಿ ಇದ್ದವು. ಸಂಜೆ ಅವ್ವ ಅಲ್ಲೂ ಒಂದು ದೀಪ ಹಚ್ಚಿ ಬರುತ್ತಿದ್ದಳು.

ಆಮೇಲೆ ಕಾರ್ಖಾನೆಗಳು ಒಂದೊಂದಾಗಿ ತೆರೆದವು. ಬೆಳಿಗ್ಗೆ ಕಲ್ಲು ಕೊಯ್ಯುವ ಸದ್ದು ಮತ್ತೆ ಕೇಳಿಸಿತು. ಬಂಡೆಯ ಹುಡಿ ಕಲೆತ ಬಿಳಿ ನೀರು ಮೋರಿಗಳಲ್ಲಿ ಹರಿಯಿತು. ನಮ್ಮ ಕೋಣೆಗಳಿಗೆ ಬಂದವರು ದೌಲತಾಬಾದ್ ಕಡೆಯ ಎಳೆಯ ದಂಪತಿ. ಗಂಡನಿಗೆ ಪಾಲಿಶ್ ಯಂತ್ರದ ಮೇಲೆ ಕೆಲಸ. ಹೆಂಡತಿಯದು ಮಾತು ಕಡಿಮೆ. ಅದು ನನಗೆ ಹಿಡಿಸಿತು.

ಬಾಡಿಗೆಮನೆ ಕೇಳುವವರು ಹೆಚ್ಚಿದಾಗ ಮೇಲೊಂದು ಕೋಣೆ ಕಟ್ಟಿಸಲು ಹೊರಟೆ. ಒಂದು ಕುಟುಂಬ ಆಗಲೇ ಅದಕ್ಕೆ ಮಾತು ಕೊಟ್ಟಿತ್ತು. ಆ ಬಾಡಿಗೆ ಬಂದರೆ ಬ್ಯಾಂಕಿನ ಕಂತಿನ ಚಿಂತೆ ಇರುತ್ತಿರಲಿಲ್ಲ. ಮೆಟ್ಟಿಲಿನ ಪಾಯ ಹಿಂದಿನ ಕೋಣೆಯವರ ಬಾಗಿಲ ಪಕ್ಕದಲ್ಲೇ ಬರಬೇಕಿತ್ತು. ಮರಳು ತರಿಸಿದೆ.

ಗೌಂಡಿ ಹಗ್ಗ ಹಿಡಿದು ಅಳತೆಗೆ ಬಂದ ಬೆಳಿಗ್ಗೆ ನೋಡಿದರೆ, ಹಿಂದಿನ ಕೋಣೆಯ ಆ ಹೆಂಡತಿಯ ಪಾತ್ರೆಗಳೆಲ್ಲ ಗೋಣಿಚೀಲದಲ್ಲಿ ತುಂಬಿ ಬಾಗಿಲಿಗೆ ಬಂದಿದ್ದವು.

"ಇದೇನವ್ವಾ, ಊರಿಗಿ ಹೊಂಟೀರೇನು?" ಎಂದಳು ಅವ್ವ.

"ಇಲ್ರೀ ಆಯಿ. ಬ್ಯಾರೆ ಮನಿ ನೋಡ್ತೀವ್ರಿ." ನೆಲ ನೋಡುತ್ತ ಹೇಳಿದಳು, "ನಾ ಹೊಟ್ಟೀಲೆ ಅದೀನ್ರಿ."

ನಮ್ಮ ಕಡೆ ಬಸುರಿ ಇರುವ ಮನೆಯಲ್ಲಿ ಪಾಯ ಅಗೆಯುವುದಿಲ್ಲ, ಬಾಗಿಲು ಕದಲಿಸುವುದಿಲ್ಲ. ತನ್ನಿಂದ ಕೆಲಸ ನಿಲ್ಲುತ್ತದೆಂದು ಗೊತ್ತಾದರೆ ನಾವೇ ಮನೆ ಬಿಡಿಸುತ್ತೇವೆ ಎಂದುಕೊಂಡು, ಮರಳು ಬಂದಂದಿನಿಂದ ಅವಳು ಮೈತುಂಬ ಸೆರಗು ಹೊದ್ದು ಓಡಾಡುತ್ತಿದ್ದಳು.

ಗೌಂಡಿ ಹಗ್ಗ ಸುತ್ತಿಕೊಂಡ. "ಮೊದ್ಲ ಹೇಳಬಾರ್ದೇನು ತಂಗಿ? ಗುದ್ದಲಿ ಹಾಕೇ ಬಿಡ್ತಿದ್ದೆ." ನನ್ನ ಕಡೆ ತಿರುಗಿ, "ಚೊಚ್ಚಲ ಅದ, ತವರಿಗಿ ಹೋಗೇ ಹೋಗ್ತಾಳ. ಆವಾಗ ಕರೀರಿ ಮೇಡಂ," ಎಂದ.

"ಅವ್ವ ಸತ್ತಾಳ್ರಿ," ಎಂದಳು ಅವಳು. "ನನಗ ತವರು ಇಲ್ರಿ."

ಎಲ್ಲರೂ ನನ್ನ ಮುಖ ನೋಡಿದರು. ಮನೆ ನನ್ನ ಹೆಸರಿನಲ್ಲಿತ್ತು. ನಾನು ಸುಮ್ಮನಿದ್ದರೆ ಸಾಕಿತ್ತು, ಅವಳಾಗಿಯೇ ಹೋಗುತ್ತಿದ್ದಳು. ಯಾರೂ ನನ್ನನ್ನು ದೂರುತ್ತಿರಲಿಲ್ಲ. ಒಳಗೆ ಒಲೆಯ ಮೇಲೆ ಅನ್ನದ ಪಾತ್ರೆಯೊಂದು ಮಾತ್ರ ಉಳಿದಿತ್ತು. ಉಂಡು ಹೊರಡುವ ಎಣಿಕೆ ಇರಬೇಕು.

"ಪಾತ್ರೆ ಒಳಗಿಡು," ಎಂದೆ. ಮಾತು ಗದರಿದಂತೆ ಬಂತು.

"ಅಂಜಬ್ಯಾಡವ್ವಾ," ಅವ್ವ ನಕ್ಕಳು. "ನನ್ನ ಮಗಳು ಪ್ರೀತಿ ಮಾಡಿದ್ರೂ ಪರೀಕ್ಷಾ ತಗೊಂಡಂಗ ಇರ್ತದ. ಇಡು, ಒಳಗಿಡು."

ಮಾತು ಕೊಟ್ಟಿದ್ದ ಕುಟುಂಬ ಬೇರೆ ಮನೆ ಹಿಡಿಯಿತು. ಬ್ಯಾಂಕಿನ ಕಂತಿಗೆಂದು ನಾನು ಸಂಜೆ ಮನೆಪಾಠ ಶುರುಮಾಡಿದೆ. ಮಳೆಗೆ ಮರಳು ತಗ್ಗಿತು, ಅದರ ಮೇಲೆ ಹುಲ್ಲು ಚಿಗುರಿತು. ಏಳನೆಯ ತಿಂಗಳಲ್ಲಿ, ತವರಿನವರು ಮಾಡಬೇಕಾದ ಸೀಮಂತದ ಕುಬಸವನ್ನು ಅವ್ವ ಮಾಡಿದಳು. ಹಸಿರು ಬಳೆ ತರುವ ಕೆಲಸ ನನ್ನ ಪಾಲಿಗೆ ಬಂತು. ಪರೀಕ್ಷೆಯ ಕೆಲಸಕ್ಕೆ ಜಹೀರಾಬಾದಿಗೆ ಹೋದಾಗ ಕೊಂಡೆ. ಅವಳ ಕೈಯಳತೆ ಕೇಳಲು ಸಂಕೋಚವಾಗಿ ನನ್ನ ಕೈಗೇ ಹಾಕಿ ನೋಡಿ ತಂದಿದ್ದೆ. ಸರಿಹೋದವು.

ಹೆಣ್ಣುಮಗು ಹುಟ್ಟಿತು. ಬಾಣಂತನ ಮುಗಿಯುತ್ತಲೇ ಗೌಂಡಿ ಅದೇ ಹಗ್ಗ ಹಿಡಿದು ಬಂದ. ಸೀರೆಯ ಜೋಳಿಗೆಯಲ್ಲಿ ಕೂಸಿಗೆ ಆಗಷ್ಟೇ ಕಣ್ಣು ಹತ್ತಿತ್ತು. ಜೋಳಿಗೆಯ ಪಕ್ಕ ಕೂತಿದ್ದ ಅವ್ವ ಏಳುವ ಮೊದಲೇ ನಾನು ಗೇಟಿನ ಹತ್ತಿರ ಹೋಗಿದ್ದೆ.

"ಕೂಸು ಈಗ ಮಲಗ್ಯಾದ್ರಿ. ನಾಳಿ ಬರ್ರಿ," ಎಂದೆ ಮೆಲ್ಲಗೆ.

"ನಾಳಿನೂ ಮಲಗ್ತದಲ್ರೀ ಮೇಡಂ?"

ಹಿಂದಿನ ಕೋಣೆಯಲ್ಲಿ ಅವ್ವನೂ ಕೂಸಿನ ತಾಯಿಯೂ ಬಾಯಿಗೆ ಸೆರಗು ಒತ್ತಿಕೊಂಡು ನಗುವುದು ಕೇಳಿಸಿತು. ಗೌಂಡಿ ಮರಳಿನ ಮೇಲೆ ಕೂತು, ಚಹಾ ಕುಡಿದು, ಹಗ್ಗವನ್ನು ಅಲ್ಲೇ ಇಟ್ಟು ಹೋದ.