ಬೀಡಿ ಹಚ್ಚಲು ನಿಂತ ಜಾಗಗಳು

ಜೂನ್ 8, ಭಾನುವಾರ, ಬೆಳಿಗ್ಗೆ 6.20. ಕೆಳಗಿನ ಮನೆಯಲ್ಲಿ ಯಾರೋ ಬೀಡಿ ಹಚ್ಚಿದ್ದಾರೆ. ಮಧುಗಿರಿಯ ಈ ಬಾಡಿಗೆ ಕೋಣೆಗೆ ಆ ವಾಸನೆ ಬಂದೊಡನೆ ಬರಗೂರಿನ ಅಜ್ಜಿ ಮನೆಯ ಪಡಸಾಲೆ, ಹೊಸ ಬಟ್ಟೆಯ ಗಂಜಿ, ಹೊಲಿಗೆ ಮಿಷನ್ನಿನ ಎಣ್ಣೆ, ಎಲ್ಲವೂ ಒಟ್ಟಿಗೆ ಬಂದವು. ಪೆಟ್ಟಿಗೆಯಿಂದ ಅಳತೆ ಪುಸ್ತಕ ತೆಗೆದು ಬರೆಯಲು ಕೂತಿದ್ದೇನೆ.

ಪುಸ್ತಕ ನನ್ನ ಸೋದರಮಾವನದು. ಬಸ್ ನಿಲ್ದಾಣದ ಪಕ್ಕ ಅವನ ಟೈಲರ್ ಅಂಗಡಿಯಿತ್ತು. ಮುಂಬದಿಯಲ್ಲಿ ಊರಿನವರ ಕಾಲರ್, ತೋಳು, ಸೊಂಟದ ಅಳತೆಗಳು. ಹಿಂಬದಿಯಲ್ಲಿ ನನ್ನ ಲೆಕ್ಕ. "ಅಳತೆ ಬರ್ಕಳ್ದೆ ಕತ್ರಿ ಆಕ್ಬಾರ್ದು ಕಣವ್ವ" ಎಂದು ನನಗೆ ಬರೆದಿಡುವ ಅಭ್ಯಾಸ ಹತ್ತಿಸಿದ್ದೇ ಅವನು. ದಿನಾ ಬೆಳಿಗ್ಗೆ ಅಜ್ಜಿ ಮನೆಯಿಂದ ಇಬ್ಬರೂ ಒಟ್ಟಿಗೆ ನಡೆದು ಹೋಗುತ್ತಿದ್ದೆವು, ಅವನು ಅಂಗಡಿಗೆ, ನಾನು ಅದರಾಚೆಯ ಶಾಲೆಗೆ. ಬೇವಿನ ಮರದ ಹತ್ತಿರ ನಿಂತು, ಗಾಳಿಗೆ ಅಂಗೈ ಮರೆಮಾಡಿ ಬೀಡಿ ಹಚ್ಚಿ, ಹೊಗೆಯ ನಡುವೆ ಕಣ್ಣು ಕಿರಿದು ಮಾಡಿಕೊಂಡು ಹಾದಿಹೋಕರನ್ನೆಲ್ಲ ಮಾತಾಡಿಸುತ್ತಿದ್ದ. ಮೂರನೇ ಕ್ಲಾಸಿನಲ್ಲಿ ನಾನು ಬರೆದದ್ದು: ದಾರಿಗೆ ಒಂದು ಬೀಡಿ. ನಾಲ್ಕನೇ ಕ್ಲಾಸಿನ ಹೊತ್ತಿಗೆ ಎರಡು, ನೀರಿನ ಟ್ಯಾಂಕು ಮತ್ತು ಬೇವಿನ ಮರ. ಐದನೆಯದರಲ್ಲಿ ನಾಲ್ಕು, ಮೊದಲನೆಯದು ಪಕ್ಕದ ಮನೆಯ ಜಗಲಿಯಲ್ಲೇ. ಒಂದು ಸಂಜೆ ಇದನ್ನು ಅಜ್ಜಿಗೆ ಓದಿ ಹೇಳಿದೆ.

"ಎಲ್ಡು ಫರ್ಲಾಂಗಿಗೆ ನಾಕು ಬೀಡಿಯೇನ್ಲಾ? ಸಿರಾ ಬಸ್ಸೂ ಇಷ್ಟು ಒಗೆ ಬುಡಾಕಿಲ್ಲ" ಎಂದು ಅಜ್ಜಿ ಮಾವನತ್ತ ತಿರುಗಿದಳು.

ಮಾವ ನಕ್ಕುಬಿಟ್ಟ. "ನಿನ್ ಮೊಮ್ಮಗಳ್ನ ಪೊಲೀಸ್ಗೆ ಸೇರ್ಸವ್ವ. ಯಾವ್ ಕಳ್ಳನೂ ತಪ್ಪುಸ್ಕಳಾಕಿಲ್ಲ."

ಆ ಚಳಿಗಾಲ ಅವನ ಬಲಗಾಲಿನ ಹೆಬ್ಬೆರಳಲ್ಲಿ ಹುಣ್ಣಾಯಿತು. ಚಪ್ಪಲಿ ಕಚ್ಚಿದೆ ಎಂದು ಅಜ್ಜಿ ಎಣ್ಣೆಯಲ್ಲಿ ಅರಿಶಿನ ಕಾಯಿಸಿ ಹಚ್ಚಿದಳು. ಬೆರಳು ಕಪ್ಪಾದ ಮೇಲೆ ಆಸ್ಪತ್ರೆಗೆ ಹೋದೆವು. ಡಾಕ್ಟರು ಪಾದ ಒತ್ತಿ ನೋಡಿ, ಎಷ್ಟು ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ ಎಂದು ಕೇಳಿದರು. ಮಾವ ನನ್ನ ಕಡೆ ನೋಡಲಿಲ್ಲ. "ಮೊದ್ಲು ಬೇವಿನ ಮರದ ಗಂಟ ಓಗ್ತಿದ್ದೆ ಸಾ. ಈಗ ಪಕ್ಕದ ಮನೆ ಜಗಲಿಗೇ ನಿಲ್ಬೇಕು. ಸುಮ್ನೆ ನಿಂತ್ರೆ ಜನ ಏನು ಎತ್ತ ಅಂತಾರೆ. ಅದ್ಕೆ ಒಂದ್ ಬೀಡಿ ಅಚ್ಚಿಬುಡ್ತಿದ್ದೆ." ಕಾಲಿನ ರಕ್ತನಾಳಗಳನ್ನು ಮುಚ್ಚಿಸಿದ್ದೇ ಆ ಬೀಡಿ ಎಂದರು ಡಾಕ್ಟರು. ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕು. ಇವತ್ತೇ ಸೇದುವುದನ್ನು ಬಿಟ್ಟರೆ ಎಡಗಾಲು ಉಳಿದೀತು. ಎರಡು ವರ್ಷ ನಾನು ಬೀಡಿಗಳನ್ನು ಎಣಿಸಿದ್ದೆ. ಎಣಿಸಬೇಕಿದ್ದದ್ದು ನಡುವಿನ ಹೆಜ್ಜೆಗಳನ್ನು.

ಅವನು ಬಿಟ್ಟ. ಆಮೇಲಿನ ಪುಟಗಳಲ್ಲಿ ನನ್ನ ಕೈಯ ಸೊನ್ನೆಗಳೇ ಇವೆ. ಒಂದೇ ಪಾದದಲ್ಲಿ ಮಿಷನ್ ತುಳಿಯುವುದನ್ನು ಕಲಿತ. ಆ ಸದ್ದು ಮೊದಲಿಗಿಂತ ನಿಧಾನ, ಆದರೆ ತಪ್ಪುತ್ತಿರಲಿಲ್ಲ. ಎಡಗಾಲು ಉಳಿಯಿತು. ನಾನು ಪಿಯುಸಿಯಲ್ಲಿದ್ದಾಗ ಅವನ ಹೃದಯ ನಿಂತಿತು. ಹೊಗೆ ಅಲ್ಲಿಗೂ ಮೊದಲೇ ಹೋಗಿತ್ತಂತೆ. ಅಂಗಡಿಯಲ್ಲೀಗ ಮೊಬೈಲ್ ಮಾರುತ್ತಾರೆ, ಅಜ್ಜಿಯೂ ಇಲ್ಲ. ಮುಂಬದಿಯ ಕೊನೆಯ ಪುಟದಲ್ಲಿ ಅವನು ತನಗಾಗಿ ಬರೆದುಕೊಂಡ ಪ್ಯಾಂಟಿನ ಅಳತೆಯಿದೆ: ಎಡ 40, ಬಲ 25.

ಆ ದಾರಿಯಲ್ಲಿ ಅವನ ಜೊತೆ ನಡೆದವರು, ಅವನ ಹತ್ತಿರ ಬಟ್ಟೆ ಹೊಲಿಸಿದವರು ಇದನ್ನು ಓದಿದರೆ ದಯವಿಟ್ಟು ನನಗೆ ಬರೆಯಿರಿ. ನಾನು ಲೆಕ್ಕ ಶುರು ಮಾಡುವ ಮೊದಲು ಮಾವ ಆ ಬೇವಿನ ಮರವನ್ನು ದಾಟಿ ಹೋಗುತ್ತಿದ್ದನೇ? ಅವನು ನಿಲ್ಲದೆ ನಡೆದ ದಿನ ನನ್ನ ಪುಸ್ತಕದಲ್ಲಿ ಒಂದೂ ಇಲ್ಲ.