ಕಮಲಕ್ಕನ ಸಭೆ

ಮೊನ್ನೆ ನಮ್ಮ ಬಡಾವಣೆಯ ಯುವಕನೊಬ್ಬ ತಮ್ಮ ಸಂಘದ ವಾರ್ಷಿಕೋತ್ಸವದ ಅರ್ಜಿ ಹಿಡಿದುಕೊಂಡು ಬಂದ. ‘ಸಾರ್ವಜನಿಕ ಸಭೆ ನಡೆಸಲು ಅನುಮತಿ ಕೋರಿ’ ಎಂದಿತ್ತು. ಕನ್ನಡ ಸರಿ ಉಂಟಾ ನೋಡಬೇಕಂತೆ. ನಿವೃತ್ತ ಮಾಸ್ತರನಿಗೆ ಊರಿನಲ್ಲಿ ಉಳಿಯುವ ಮರ್ಯಾದೆ ಇಷ್ಟೇ ನೋಡಿ. ಒಂದು ದೀರ್ಘ ತಿದ್ದಿ ಕೊಟ್ಟೆ. ಅವನು ಹೋದ ಮೇಲೆ ಊಟ ಸೇರಲಿಲ್ಲ. ಆ ಸಾಲನ್ನು ಎಂಬತ್ತರ ದಶಕದ ಆರಂಭದಲ್ಲಿ ನಾನೇ ಒಮ್ಮೆ ಬರೆದಿದ್ದೆ, ಕಮಲಕ್ಕನಿಗಾಗಿ.

ಕಡಿಯಾಳಿಯಲ್ಲಿ ಕಮಲಕ್ಕ ನಮ್ಮ ಪಕ್ಕದ ಮನೆಯವರು. ಗಂಡ ತೀರಿಕೊಂಡ ಮೇಲೆ ತವರಾದ ಇನ್ನಂಜೆಯಿಂದ ಮಲ್ಲಿಗೆ ತಂದು ಮಾರಿ, ಒಬ್ಬಳೇ ಮಗಳು ಶಕುಂತಲೆಯನ್ನು ಓದಿಸಿದವರು. ಶಕುಂತಲೆಗೆ ಮಣಿಪಾಲದ ಛಾಪಖಾನೆಯೊಂದರಲ್ಲಿ ಕರಡು ತಿದ್ದುವ ಕೆಲಸ. ನನ್ನ ಬರವಣಿಗೆಯಲ್ಲೂ ತಪ್ಪು ಹಿಡಿಯುತ್ತಿದ್ದಳು. ಹೊರಗೆ ನಗುತ್ತಿದ್ದೆ, ಒಳಗೆ ಸ್ವಲ್ಪ ಉರಿಯುತ್ತಿತ್ತು.

ನಮ್ಮ ಕಡೆಯ ಬಸ್ಸುಗಳ ಅವಸರ ನಿಮಗೆ ಗೊತ್ತಿರಬಹುದು. ಹಿಂದಿನ ಬಸ್ಸು ಬಂದು ಮುಟ್ಟುವುದರೊಳಗೆ ಜನ ಹತ್ತಬೇಕು, ಇಳಿಯಬೇಕು. ಒಂದು ಸಂಜೆ ಕೆಲಸ ಮುಗಿಸಿ ಬಂದ ಶಕುಂತಲೆ ನಮ್ಮ ಸ್ಟಾಪಿನಲ್ಲಿ ಮೆಟ್ಟಿಲಿನಿಂದ ಪೂರ್ತಿ ಇಳಿಯುವ ಮೊದಲೇ ಕಂಡಕ್ಟರ್ ಸೀಟಿ ಊದಿದ. ಅವಳನ್ನು ಮನೆಗೆ ತಂದದ್ದು ಮರುದಿನ, ಬಿಳಿ ಬಟ್ಟೆಯಲ್ಲಿ ಸುತ್ತಿ.

ಉತ್ತರಕ್ರಿಯೆ ಮುಗಿದ ಮೇಲೆ ಕಮಲಕ್ಕ ನಮ್ಮ ಚಾವಡಿಗೆ ಬಂದರು. ಮಗಳು ಬಿದ್ದ ಜಾಗದಲ್ಲೇ ಒಂದು ಸಭೆ ಮಾಡಬೇಕು, ಬಸ್ಸಿನವರಿಗೆ ಕೇಳುವ ಹಾಗೆ ನಾಲ್ಕು ಮಾತು ಹೇಳಬೇಕು ಎಂದರು. ರಸ್ತೆ ಬದಿಯ ಸಭೆಗೆ ಅನುಮತಿ ಬೇಕಾಗುತ್ತದೆ ಎಂದು ವಿವರಿಸಿ, ನಾನೇ ಅರ್ಜಿ ಬರೆದೆ. ‘ಘನ’, ‘ಸವಿನಯ’ ಎಂದೆಲ್ಲ ತುಂಬಿಸಿದ್ದೆ. ಶಕುಂತಲೆ ಇದ್ದಿದ್ದರೆ ಅರ್ಧಕ್ಕರ್ಧ ಹೊಡೆದು ಹಾಕುತ್ತಿದ್ದಳು.

ಕಚೇರಿಯಿಂದ ಠಾಣೆಗೆ, ಠಾಣೆಯಿಂದ ಕಚೇರಿಗೆ ತಿರುಗಿದೆವು. ಕೊನೆಗೆ ಬಂದ ಉತ್ತರ: ವಾಹನ ಸಂಚಾರಕ್ಕೆ ಅಡಚಣೆಯಾಗುವುದರಿಂದ ರಸ್ತೆ ಬದಿಯಲ್ಲಿ ಅನುಮತಿ ಇಲ್ಲ, ಬೇಕಿದ್ದರೆ ಮೈದಾನದಲ್ಲಿ ನಡೆಸಬಹುದು. ಅದನ್ನು ಕಮಲಕ್ಕನಿಗೆ ತುಳುವಿನಲ್ಲಿ ಬಿಡಿಸಿ ಹೇಳಿದೆ. ಅವರು ಕೇಳಿದರು. “ಯಾರಿಗೆ ಅಡಚಣೆಯಂತೆ, ಮಾಸ್ಟ್ರೇ?”

ಮೈದಾನಕ್ಕೆ ಬಂದವರು ನೆರೆಕರೆಯವರು ಮಾತ್ರ. ಬಸ್ಸಿನವರು ಒಬ್ಬರೂ ಇರಲಿಲ್ಲ. ಕಮಲಕ್ಕ ಮೈಕಿನ ಮುಂದೆ ಹೋಗಿ ನಿಂತರು, ಎಲ್ಲರ ಮುಖ ನೋಡಿದರು, ಏನೂ ಹೇಳದೆ ಬಂದು ಕುಳಿತರು. ಗೊತ್ತಿದ್ದವರಿಗೇ ಪುನಃ ಎಂತ ಹೇಳುವುದು ಎಂದು ದಾರಿಯಲ್ಲಿ ಅಂದರು.

ಮರುದಿನ ಸಂಜೆ ಅವರು ಬಸ್ಸು ನಿಲ್ಲುವಲ್ಲಿಗೆ ಹೋಗಿ ನೆಲದಲ್ಲಿ ಕುಳಿತರು. ಅದರ ಮರುದಿನವೂ ಹೋದರು. ನಾಲ್ಕೈದು ದಿನ ಕಳೆದ ಮೇಲೆ ಪೊಲೀಸಿನವನೊಬ್ಬ ಬಂದ. ಊರಿನವನೇ, ಒಳ್ಳೆಯ ಮಾತಿನಲ್ಲೇ ಹೇಳಿದ, ಇಲ್ಲಿ ಸಭೆಗೆ ಅನುಮತಿ ಇಲ್ಲ ಎಂದು.

“ಸಭೆ ಎಲ್ಲಿ ಉಂಟು ಮಗಾ?” ಎಂದರು ಕಮಲಕ್ಕ. “ನಾನು ಒಬ್ಬಳೇ ಅಲ್ವಾ ಇರುವುದು.”

ಅವನು ಟೊಪ್ಪಿ ತೆಗೆದು ಬೆವರು ಒರೆಸಿಕೊಂಡು ಹೋದ. ಮತ್ತೆ ಬರಲಿಲ್ಲ.

ಹಾಗೆ ಎಷ್ಟೋ ವರ್ಷ ಕುಳಿತರು. ಬಸ್ಸಿಗೆ ಕಾಯುವವರು ಯಾರಾದರೂ ವಿಚಾರಿಸಿದರೆ ಮಗಳ ವಿಷಯ ಹೇಳುತ್ತಿದ್ದರು, ಒಬ್ಬರಾದ ಮೇಲೆ ಒಬ್ಬರಿಗೆ. ಬಸ್ಸಿನವರಿಗೂ ಅವರ ಗುರುತಾಯಿತು. ಕಮಲಕ್ಕ ನೋಡುತ್ತಿದ್ದರೆ ಎಲ್ಲರೂ ಇಳಿಯುವವರೆಗೆ ಸೀಟಿ ಊದುತ್ತಿರಲಿಲ್ಲ. ಎಂಬತ್ತರ ದಶಕದ ಕೊನೆಗೆ ಕಮಲಕ್ಕ ಹಾಸಿಗೆ ಹಿಡಿದರು. ಅವರು ತೀರಿಕೊಳ್ಳುವ ಮೊದಲೇ ಸೀಟಿ ಹಳೆಯ ಅವಸರಕ್ಕೆ ಮರಳಿತ್ತು.

ಮೊನ್ನೆ ಊಟ ಬಿಟ್ಟೆದ್ದವನು ಸಂಜೆ ಆ ಸ್ಟಾಪಿಗೆ ಹೋದೆ. ಈಗ ಕುಳಿತುಕೊಳ್ಳಲು ಕಟ್ಟೆ ಇದೆ. ಪಕ್ಕದಲ್ಲಿದ್ದ ಹುಡುಗಿ ಮಣಿಪಾಲದ ಬಸ್ಸು ಹೋಯಿತೇ ಎಂದು ಕೇಳಿದಳು. ಇಲ್ಲ ಎಂದೆ, ಇಳಿಯುವಾಗ ಜಾಗ್ರತೆ ಎಂದೂ ಹೇಳಿದೆ. ಯಾಕೆ ಅಂಕಲ್ ಎಂದಳು.

“ಇಲ್ಲಿ ಶಕುಂತಲೆ ಅಂತ ಒಬ್ಬಳು ಇದ್ದಳು...” ಎಂದು ಶುರುಮಾಡುವಷ್ಟರಲ್ಲಿ ಬಸ್ಸು ಬಂತು. ಅವಳು ಓಡಿ ಹತ್ತಿದಳು.

ನಾನು ಏಳಲಿಲ್ಲ. ಮತ್ತೊಬ್ಬರು ಬಂದು ಕುಳಿತುಕೊಳ್ಳಲಿ ಎಂದು ಸರಿದು ಜಾಗ ಮಾಡಿದೆ.