ಹೊಂಡದ ದಂಡೆಯ ಅಟ್ಟಣಿಗೆ

ಮೊಟ್ಟೆಯ ಹೆಸರೆತ್ತಿದರೂ ಮೂಗು ಮುರಿಯುವ ಧಾರವಾಡದ ಲಿಂಗಾಯತರ ಮನೆಯವನು ನಾನು. ಅಂಥವನು ಪ್ರತಿ ಶನಿವಾರ ಬೆಳಕು ಹರಿಯುವ ಮೊದಲೇ ಎದ್ದು, ಒಬ್ಬ ಬೇಟೆಗಾರನನ್ನು ನನ್ನ ಹಳೇ ಓಪೆಲ್ ಕಾರಿನಲ್ಲಿ ಕಾಡಿಗೆ ಕರೆದೊಯ್ಯುತ್ತಿದ್ದೆ. ಎಲ್ಲಾ ನನ್ನ ಕರ್ಮ. ಆ ಬೇಟೆಗಾರನ ಹೆಸರು ಅಡಿವೆಪ್ಪ.

ಎರಡು ಸಾವಿರದ ಇಸವಿಯಲ್ಲಿ ಜರ್ಮನಿಯವರು ಗ್ರೀನ್ ಕಾರ್ಡ್ ಕೊಟ್ಟು ಕಂಪ್ಯೂಟರ್ ಜನರನ್ನು ಕರೆದಾಗ ನಾವಿಬ್ಬರೂ ಬಂದವರು. ನೊಯ್‌ಬಿಬರ್ಗ್ ಎಂಬ ಊರಿನಲ್ಲಿ ನನಗೆ ಚಿಪ್ ಪರೀಕ್ಷಿಸುವ ಕೆಲಸ, ಅವನಿಗೆ ಒಂದು ಸಣ್ಣ ಕಂಪನಿಯಲ್ಲಿ ಪ್ರೋಗ್ರಾಂ ಬರೆಯುವ ಕೆಲಸ. ಬಾಡಿಗೆ ಮನೆ ಒಂದೇ, ಅಡುಗೆಯ ಪಾತ್ರೆ ಮಾತ್ರ ಬೇರೆ ಬೇರೆ.

ಅಡಿವೆಪ್ಪ ಸುರಪುರದ ಕಡೆಯ ಬೇಡರ ಮನೆತನದವನು. ಅವನು ಹುಟ್ಟುವ ಹೊತ್ತಿಗೆ ಬೇಟೆಗೆ ಕಾನೂನು ಅಡ್ಡ ಬಂದು, ಮನೆಯ ಬಂದೂಕು ಪೊಲೀಸ್ ಠಾಣೆ ಸೇರಿತ್ತು. ಉಳಿದದ್ದು ಅವನ ಚಿಕ್ಕಪ್ಪ ಬೈರಪ್ಪ ಕಾಕಾ ಹೇಳುವ ಕಥೆಗಳು ಮಾತ್ರ. ಅವೆಲ್ಲ ಒಂದೇ ಕಡೆ ಶುರುವಾಗುತ್ತಿದ್ದವು: ಬೇಸಿಗೆ, ಬತ್ತಿದ ಹಳ್ಳ, ಅದರಲ್ಲೊಂದು ಹೊಂಡ, ದಂಡೆಯ ಮೇಲೆ ಉಸಿರು ಬಿಗಿಹಿಡಿದು ಕೂತ ಗಂಡಸರು. ನೀರಿಗೆ ಬಂದ ಜಿಂಕೆ, ಅವರ ಮಾತಿನ ಚಿಗರಿ, ಹೊಟ್ಟೆ ತುಂಬ ಕುಡಿದು ತಲೆ ಎತ್ತುವವರೆಗೆ ಯಾರೂ ಹೊಡೆಯುವಂತಿಲ್ಲ. ಅದು ಆ ಮನೆಯ ಕಟ್ಟಳೆ. ನೀರಡಿಸಿದ ಜೀವವನ್ನು ಹೊಡೆದವನ ಹೆಸರನ್ನೇ ಕಾಕಾ ಬಾಯಿಗೆ ತರುತ್ತಿರಲಿಲ್ಲ.

ಜರ್ಮನಿಯಲ್ಲಿ ಪರೀಕ್ಷೆ ಪಾಸಾದರೆ ಯಾರು ಬೇಕಾದರೂ ಬೇಟೆಯಾಡಬಹುದು ಎಂದು ತಿಳಿದ ದಿನ ಅಡಿವೆಪ್ಪನಿಗೆ ಖುಷಿಗೆ ಅನ್ನ ಸೇರಲಿಲ್ಲ. ಚಳಿಗಾಲವಿಡೀ ಜರ್ಮನ್ ಭಾಷೆಯಲ್ಲಿ ಗಿಡಮರಗಳ ಹೆಸರು ಉರು ಹೊಡೆದ. ನಾನು ಎಷ್ಟು ನಕ್ಕರೂ ಕೇಳದೆ ಪಾಸಾದ. ಅರಣ್ಯ ಕಚೇರಿಯವರು ಸರ್ಕಾರಿ ಕಾಡಿನಲ್ಲಿ ಒಂದು ಭಾಗವನ್ನು ಆ ವರ್ಷದ ಮಟ್ಟಿಗೆ ಬಿಟ್ಟುಕೊಟ್ಟರು. ಜೊತೆಗಿರಲು ಕ್ರಿನ್ನರ್ ಎಂಬ ನಿವೃತ್ತ ಪೋಸ್ಟ್‌ಮ್ಯಾನ್, ಹಳೇ ಬೇಟೆಗಾರರು, ಒಪ್ಪಿದರು; ಬಂದೂಕೂ ಅವರದ್ದೇ.

ಕೂತು ಕಾಯುವ ಅಟ್ಟಣಿಗೆ, ಅಂದರೆ ತುದಿಗೊಂದು ಕೂರುಮಣೆ ಇರುವ ಏಣಿ, ಎಲ್ಲಿ ಹಾಕೋಣ ಎಂದು ಕ್ರಿನ್ನರ್ ಕೇಳಿದರು. ಮೇಲೆ ಮರಗಳ ನಡುವೆ ಒಂದು ಹುಲ್ಲುಬಯಲು. ಅಲ್ಲಿ ಗೊರಸಿನ ಗುರುತು, ಕಚ್ಚಿ ಬಿಟ್ಟ ಚಿಗುರು ಎಲ್ಲ ಇದ್ದವು. ಕೆಳಗೆ ಒಂದು ಸಣ್ಣ ಹೊಂಡ. ಅಲ್ಲಿ ಬಾತುಕೋಳಿ ಬಿಟ್ಟರೆ ಏನೂ ಇರಲಿಲ್ಲ. ಅಡಿವೆಪ್ಪ ಹಿಂದೆಮುಂದೆ ನೋಡದೆ ಹೊಂಡ ತೋರಿಸಿದ.

"ಇಲ್ಲಿ ಜಿಂಕೆ ನೀರು ಹುಡುಕಿಕೊಂಡು ಬರೋದಿಲ್ಲಪ್ಪಾ," ಎಂದರು ಕ್ರಿನ್ನರ್. "ಮಳೆ ಇದೆ, ಇಬ್ಬನಿ ಇದೆ, ಹುಲ್ಲಲ್ಲೇ ಬೇಕಾದಷ್ಟು ನೀರಿದೆ."

ಅಡಿವೆಪ್ಪ ತನ್ನ ಮನೆಯ ಕಟ್ಟಳೆ ಹೇಳಿದ. ಕ್ರಿನ್ನರ್ ಕೇಳಿಸಿಕೊಂಡು, ಹೊಂಡದ ದಂಡೆಗೇ ಏಣಿ ಹೊತ್ತು ತಂದರು.

ಆ ಬೇಸಿಗೆ ಹಾಳಾದ ಮಳೆ ಬಿಡಲೇ ಇಲ್ಲ. ಅಡಿವೆಪ್ಪ ವಾರವಾರವೂ ತೊಯ್ದು ತೊಪ್ಪೆಯಾಗಿ ಕಾರು ಹತ್ತುತ್ತಿದ್ದ. ಒಂದು ಜಿಂಕೆಯೂ ಹೊಂಡಕ್ಕೆ ಬರಲಿಲ್ಲ. ಆಗಸ್ಟ್‌ನಲ್ಲಿ ಅವನ ಕಂಪನಿ ಬಾಗಿಲು ಹಾಕುವುದೆಂದು ಗೊತ್ತಾಯಿತು. ಸೆಪ್ಟೆಂಬರ್ ಮುಗಿದರೆ ಕೆಲಸವಿಲ್ಲ. ಕೆಲಸವಿಲ್ಲದಿದ್ದರೆ ಈ ದೇಶವೂ ಇಲ್ಲ.

ನನಗೆ ಸಿಟ್ಟು ಬಂತು. "ಲೇ ಅಡಿವೆಪ್ಪ, ಮ್ಯಾಲಿನ ಬಯಲಾಗ ಕುಂದರಲೇ. ಹುಡುಗಾಟ ಸಾಕು."

"ರವಿ, ಊರಿಗೆ ಹೋದ್ರ ಬೇಟಿ ಅನ್ನೋದೇ ಇಲ್ಲ. ನಂಗ ಇದೊಂದೇ ವರ್ಷ ಅದ. ಒಂದು ಸಲ, ಕಾಕಾ ಹೇಳಿದಂಗ, ನೀರು ಕುಡಿದು ತಲಿ ಎತ್ತೋದು ನಾ ನೋಡ್ಬೇಕು."

"ಬರಲಿಲ್ಲಂದ್ರ?"

ಅವನು ಒದ್ದೆ ಬೂಟು ಬಿಚ್ಚತೊಡಗಿದ. ಮುಖ ಸಣ್ಣದಾಗಿತ್ತು. ಯಾಕಾದರೂ ಕೇಳಿದೆನೋ ಅನ್ನಿಸಿತು.

ಸೆಪ್ಟೆಂಬರ್‌ನ ಕೊನೆಯ ಶನಿವಾರ ಅವನೇ ಸೋತು ಏಣಿಯನ್ನು ಹುಲ್ಲುಬಯಲಿಗೆ ಸಾಗಿಸಿದ. ನಾನು ಕಾರಿನಲ್ಲಿ ತೂಕಡಿಸುತ್ತಿದ್ದಾಗ ಒಂದೇ ಒಂದು ಈಡಿನ ಸದ್ದು ಕೇಳಿತು. ಓಡಿಹೋದೆ. ಸಣ್ಣ ಗಂಡು ಜಿಂಕೆ ಹುಲ್ಲಿನ ಮೇಲೆ ಮಲಗಿತ್ತು. ಕ್ರಿನ್ನರ್ ಟೋಪಿ ತೆಗೆದು, ಒಂದು ಹಸಿರು ಟೊಂಗೆ ಮುರಿದು ಅದರ ಬಾಯಿಗಿಟ್ಟರು. ಕೊನೆಯ ತುತ್ತು, ಇಲ್ಲಿಯ ಪದ್ಧತಿ ಎಂದರು. ಅಡಿವೆಪ್ಪ ಪಕ್ಕದಲ್ಲಿ ಮಂಡಿಯೂರಿ ಅದರ ಮೂತಿಯನ್ನು ಬೆರಳಿನಿಂದ ಮುಟ್ಟುತ್ತಲೇ ಇದ್ದ. ಇಬ್ಬನಿಗೆ ಮೂತಿ ಒದ್ದೆಯಾಗಿತ್ತು. ನನಗೆ ಅಸಹ್ಯವಾಗುತ್ತದೆ ಎಂದುಕೊಂಡಿದ್ದೆ, ಆದರೆ ಅವನನ್ನು ನೋಡಿ ನಾನೂ ಅವನ ಪಕ್ಕದಲ್ಲಿ ಕೂತೆ.

ಮರುದಿನ ಊರಿಗೆ ಫೋನ್ ಮಾಡಿದ. ಬೈರಪ್ಪ ಕಾಕಾಗೆ ಕಿವಿ ಮಂದ. ಅವರು ಕೂಗುತ್ತಿದ್ದದ್ದು ನನಗೂ ಕೇಳುತ್ತಿತ್ತು. ಸಂಗತಿ ತಿಳಿಸಿದೊಡನೆ ಅವರು ಕೇಳಿದ್ದು ಒಂದೇ.

"ನೀರು ಕುಡಿದಿತ್ತೇನೋ?"

"ಕುಡಿದಿತ್ತು ಕಾಕಾ. ಮೂತಿ ಹಸಿ ಇತ್ತು."

"ಶಾಬಾಸ್ ನನ್ನ ಮಗನೇ! ಯಾವ ನೀರಿಗೆ ಬಂದಿತ್ತು? ಹಳ್ಳೋ, ಕೆರಿಯೋ?"

ಅಡಿವೆಪ್ಪ ನನ್ನ ಕಡೆ ನೋಡಿದ. ಹಳ್ಳ ಅಂದುಬಿಡೋ ಎಂದು ನಾನು ಕೈಸನ್ನೆ ಮಾಡಿದೆ. ಅವನಿಂದ ಆಗಲಿಲ್ಲ.

"ಇಲ್ಲಿ ನೀರಿಗೆ ಬರಂಗಿಲ್ಲ ಕಾಕಾ. ಹುಲ್ಲಾಗೇ ನೀರು ಇರ್ತದ. ಮೇಯ್ಕೋತ ಮೇಯ್ಕೋತನೇ ಕುಡೀತಾವ."

ಕಾಕಾ ಈ ಸಲ ಮೆಲ್ಲಗೆ, ಕೂಗದೆ, ಕೇಳಿದರು. ರಿಸೀವರ್‌ಗೆ ನನ್ನ ಕಿವಿಯನ್ನೂ ಒತ್ತಿ ಕೇಳಿಸಿಕೊಳ್ಳಬೇಕಾಯಿತು.

"ಅಂದ್ರ ಅಲ್ಲಿ ಚಿಗರಿಗೆ ನೀರಡಿಕಿನೇ ಆಗಂಗಿಲ್ಲೇನೋ ತಮ್ಮಾ?"

"ಆಗಂಗಿಲ್ಲ ಕಾಕಾ."

"ಮತ್ತ ನಿನಗ?"

ಅಡಿವೆಪ್ಪ ನನ್ನ ಎದುರಿಗೇ ಗೊಳೋ ಎಂದು ಅತ್ತುಬಿಟ್ಟ.

"ನನಗ ಭಾಳ ಆಗ್ತದ ಕಾಕಾ," ಅಂದ.